ಕಾವ್ಯವಾಚನಕ್ಕೆ ತಂತಿಯ ಜೊತೆ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಬರುವವರು ಸಾಮಾನ್ಯವಾಗಿ ತಲೆಯೆತ್ತಿ ಶಿಖರವನ್ನೂ ನವರಂಗದ ಕಂಬಗಳನ್ನೂ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಕೆಳಗೆ, ಅಧಿಷ್ಠಾನದ ಪಟ್ಟಿಕೆಗಳ ಕಡೆಗೆ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಸುಮಾರು 1250ರಲ್ಲಿ, ನಿರ್ಮಾಣವಾದ ಈ ತ್ರಿಕೂಟಾಚಲದಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲಿನ ಮೇಲೆ ರಾಮಾಯಣ ಮಹಾಭಾರತಗಳ ಕಥೆ ಕಲ್ಲಿನಲ್ಲಿ ಸಾಗುತ್ತದೆ. ಪ್ರದಕ್ಷಿಣೆ ಬಂದವನು ಕಥೆಯನ್ನು ಓದಿದಂತೆಯೇ. ಅಕ್ಷರ ಬಾರದವರಿಗೂ ಅದು ಪುಸ್ತಕವಾಗಿತ್ತು. ಅದೇ ಕಥೆಯನ್ನು ಮುಂದಿನ ಶತಮಾನಗಳಲ್ಲಿ ನಮ್ಮ ಸೀಮೆಯ ಜನರ ಕಿವಿಗೆ ಮುಟ್ಟಿಸಿದ್ದು ಗಮಕ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಬಂಧುವರ್ಗದ ತರುಣನೊಬ್ಬ ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಅಭ್ಯಾಸ ಮಾಡುತ್ತಿದ್ದಾನೆ. ಹೊಸಹೊಳಲಿನಲ್ಲಿ ಒಂದು ಸಂಜೆ ಕನ್ನಡ ಕವಿತೆಗಳ ವಾಚನವನ್ನೂ ತನ್ನ ವಾದನವನ್ನೂ ಜೊತೆಗೂಡಿಸಬೇಕೆಂಬುದು ಅವನ ಆಸೆ. ಹಿರಿಯರಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. "ಕುಮಾರವ್ಯಾಸನನ್ನು ಕೇಳಿದ ಊರಿನಲ್ಲಿ ಗಿಟಾರೇ?" ಎಂದರು. ಮೇಷ್ಟರು ಏನು ಹೇಳುತ್ತಾರೋ ಕೇಳೋಣವೆಂದು ಪ್ರಶ್ನೆಯನ್ನು ನನ್ನ ಕಡೆಗೆ ತಳ್ಳಿದ್ದಾರೆ.

ಗಮಕದ ಸ್ವರೂಪವನ್ನು ಮೊದಲು ನೆನೆಯಬೇಕು. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ರಾಗವುಂಟು, ತಾಳವಿಲ್ಲ, ಮೃದಂಗವಿಲ್ಲ. ಯುದ್ಧಕ್ಕೆ ಅಠಾಣ, ಶೋಕಕ್ಕೆ ಮುಖಾರಿ ಎಂಬಂತೆ ಸನ್ನಿವೇಶಕ್ಕೆ ಒಪ್ಪುವ ರಾಗವನ್ನು ಗಮಕಿ ಆಯ್ದುಕೊಂಡರೂ ಆಲಾಪನೆಯನ್ನು ಬೆಳೆಸುವಂತಿಲ್ಲ. ಪದ ಒಡೆಯಬಾರದು, ಅರ್ಥ ಮುರಿಯಬಾರದು. ಭಾಮಿನಿ ಷಟ್ಪದಿಯ ಗತಿಯೇ ಅಲ್ಲಿ ತಾಳ. ನನ್ನ ಬಾಲ್ಯದಲ್ಲಿ ಜಗಲಿಯ ಮೇಲೆ ಲಾಂದ್ರವಿಟ್ಟುಕೊಂಡು ಭಾರತ ಓದಿಸುತ್ತಿದ್ದ ರಾತ್ರಿಗಳಲ್ಲಿ, ಸಹಿ ಮಾಡಲು ಬಾರದ ರೈತರು ಕರ್ಣನ ವಿಷಯದಲ್ಲಿ ವ್ಯಾಖ್ಯಾನಕಾರರೊಡನೆ ವಾದಕ್ಕಿಳಿಯುತ್ತಿದ್ದರು! ಅವರನ್ನು ಅನಕ್ಷರಸ್ಥರೆಂದು ಕರೆಯಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ.

ಗಮಕಕ್ಕೆ ಶ್ರುತಿ ಹಿಡಿಯಲು ಹಾರ್ಮೋನಿಯಂ ಬಂದಾಗ ಯಾರೂ ಅದರ ಜಾತಕ ಕೇಳಲಿಲ್ಲ. ಅದೂ ಯುರೋಪಿನಿಂದ ಬಂದದ್ದೇ. ಕಾವ್ಯಕ್ಕೆ ತಂತಿಯ ಜೊತೆಯಂತೂ ಇನ್ನೂ ಹಳೆಯದು. ಕುಶಲವರು ಹಾಡಿದ ಕಾವ್ಯವನ್ನು ತಂತಿ ಮತ್ತು ಲಯಗಳಿಗೆ ಹೊಂದುವಂಥದೆಂದು ವಾಲ್ಮೀಕಿಯ ಬಾಲಕಾಂಡವೇ ಬಣ್ಣಿಸುತ್ತದೆ.

ನಮ್ಮ ಸೀಮೆಯಲ್ಲಿ ಈ ನಂಟು ಹೊಸಗನ್ನಡದಲ್ಲಿಯೂ ಕಡಿಯಲಿಲ್ಲ. ಮೇಲುಕೋಟೆಯ ಪು.ತಿ.ನ. (1905–1998) ಸಂಗೀತವನ್ನು ಬಲ್ಲ ಕವಿ. 'ಗೋಕುಲ ನಿರ್ಗಮನ'ದಂಥ ಗೇಯನಾಟಕಗಳಲ್ಲಿ ಮಾತನ್ನೂ ರಾಗವನ್ನೂ ಒಟ್ಟಿಗೇ ಕಂಡವರು. ನಮ್ಮದೇ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಪ್ರಕಟವಾಯಿತು. ಓದಿದರೇ ಹಾಡಿದಂತಾಗುವ ಕವಿತೆಗಳು ಅವು. ಪಿ. ಕಾಳಿಂಗರಾಯರು ಆಧುನಿಕ ಕವಿತೆಯನ್ನು ವೇದಿಕೆಯ ಹಾಡಾಗಿಸಿದರು. ಮೈಸೂರು ಅನಂತಸ್ವಾಮಿಯವರು ಆ ದಾರಿಯನ್ನು ಮುಂದುವರಿಸಿದರು. 1978ರ 'ನಿತ್ಯೋತ್ಸವ' ಧ್ವನಿಸುರುಳಿಯ ನಂತರ ಭಾವಗೀತೆ ಮನೆಮನೆಗೆ ಹೊಕ್ಕಿತು. ಇದು ಕನ್ನಡಕ್ಕೆ ಆದ ದೊಡ್ಡ ಉಪಕಾರ, ನಿಜ. ಆದರೆ ವಾದ್ಯಗಳು ಹೆಚ್ಚಿದಂತೆ ಕವಿತೆ ಚಿಕ್ಕದಾಯಿತೆಂಬುದು ನನ್ನ ಹಳೆಯ ಗೊಣಗಾಟ. ಎಷ್ಟೋ ಸಲ ಪಲ್ಲವಿ ನಾಲ್ಕು ಬಾರಿ ಬಂದು, ಕವಿತೆಯ ತಿರುವಿರುವ ಚರಣವೇ ಬಿಟ್ಟುಹೋಗುತ್ತದೆ. ತರಗತಿಯಲ್ಲಿ ಆ ಚರಣವನ್ನು ಓದಿದರೆ, "ಸಾರ್, ಇದು ಹಾಡಿನಲ್ಲಿಲ್ಲವಲ್ಲ" ಎಂದವರು ಈ ಬರಹ ಓದುತ್ತಿರುವ ನಿಮ್ಮಲ್ಲೇ ಇದ್ದೀರಿ.

ಇನ್ನು ಗಿಟಾರ್. ನಮ್ಮಲ್ಲಿ ಅನೇಕರಿಗೆ ಅದು ಸಿನಿಮಾದ ವಾದ್ಯ. ಆದರೆ ಸ್ಪೇನ್ ದೇಶದಲ್ಲಿ ಅದು ಕವಿಗಳ ನೆರೆಮನೆಯ ವಾದ್ಯ. 1922ರ ಜೂನ್ ತಿಂಗಳಿನಲ್ಲಿ ಗ್ರನಾಡಾ ನಗರದಲ್ಲಿ, ಸಂಗೀತಗಾರ ಮಾನುಯೆಲ್ ದ ಫಾಯಾ ಮೊದಲಾದವರು ಆಂದಲೂಸಿಯಾದ ಹಳೆಯ ಜನಪದ ಗಾಯನವನ್ನು ಉಳಿಸಲೆಂದು ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ಅದಕ್ಕೆ ಕೆಲವು ದಿನ ಮೊದಲು, 7ನೆಯ ತಾರೀಖು, ಅಲ್ಲಿನ ಹೋಟೆಲೊಂದರ ಸಭಾಂಗಣದಲ್ಲಿ 24 ವರ್ಷದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ತನ್ನ ಕವಿತೆಗಳನ್ನು ಓದಿದ. ಆಂದ್ರೇಸ್ ಸೆಗೋವಿಯಾ ಗಿಟಾರ್ ನುಡಿಸಿದ. ಅಂದು ಓದಿದ ಕವಿತೆಗಳು ಪುಸ್ತಕವಾದದ್ದು 1931ರಲ್ಲಿ. ಅಂದರೆ ಅಚ್ಚಿಗೆ ಮುನ್ನ ಒಂಬತ್ತು ವರ್ಷ ಅವು ಕಿವಿಯ ಸ್ವತ್ತಾಗಿದ್ದವು. 1936ರ ಅಂತರ್ಯುದ್ಧದ ಆರಂಭದಲ್ಲಿಯೇ ಲೋರ್ಕಾನನ್ನು ಕೊಂದರು.

ಇನ್ನೊಂದು ಉದಾಹರಣೆ ನಮ್ಮ ಗಮಕಕ್ಕೆ ಇನ್ನೂ ಹತ್ತಿರವಾದದ್ದು. ನೊಬೆಲ್ ಪುರಸ್ಕೃತ ಕವಿ ಹುವಾನ್ ರಮೋನ್ ಹಿಮೆನೆಸ್ ತನ್ನ ಊರಿನ ಒಂದು ಪುಟ್ಟ ಕತ್ತೆಯನ್ನು ಕುರಿತು ಬರೆದ 'ಪ್ಲಾತೆರೊ ಮತ್ತು ನಾನು' ಗದ್ಯಕಾವ್ಯ 1914ರಲ್ಲಿ ಮೊದಲು ಪ್ರಕಟವಾಯಿತು. ಅದರ 28 ಭಾಗಗಳನ್ನು 1960ರಲ್ಲಿ ಇಟಲಿ ಮೂಲದ ಕ್ಯಾಸ್ಟೆಲ್‌ನುವೊವೊ ಟೆಡೆಸ್ಕೊ ಎಂಬ ಸಂಗೀತಗಾರ ಒಬ್ಬ ವಾಚಕ ಮತ್ತು ಒಂದು ಗಿಟಾರಿಗಾಗಿ ಅಳವಡಿಸಿದ. ಅಲ್ಲಿ ಹಾಡುವವರಿಲ್ಲ. ಒಬ್ಬ ಓದುತ್ತಾನೆ, ಒಬ್ಬ ನುಡಿಸುತ್ತಾನೆ. ಯಹೂದಿಯೆಂಬ ಕಾರಣಕ್ಕೆ 1939ರಲ್ಲಿ ತಾಯ್ನಾಡು ತೊರೆದು ಅಮೆರಿಕ ಸೇರಿದ್ದವನು ಇನ್ನೊಬ್ಬನ ಹುಟ್ಟೂರಿನ ಕತ್ತೆಗೆ ಸಂಗೀತ ಕಟ್ಟಿದ್ದನ್ನು ನೆನೆದಾಗಲೆಲ್ಲ ನನಗೆ ಏನೋ ಆಗುತ್ತದೆ.

ಗಿಟಾರಿಗೂ ವೀಣೆಗೂ ವ್ಯತ್ಯಾಸವಿಲ್ಲವೆಂದಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ತಂತಿಯನ್ನು ಎಳೆದು ಸ್ವರವನ್ನು ಬಾಗಿಸಬಹುದು. ಶಾಸ್ತ್ರೀಯ ಗಿಟಾರಿನಲ್ಲಿ ಅಷ್ಟು ಎಳೆತಕ್ಕೆ ಆಸ್ಪದವಿಲ್ಲ. ಆದ್ದರಿಂದ ಅದರಲ್ಲಿ ಮುಖಾರಿಯನ್ನು ನುಡಿಸಲು ಹೊರಟರೆ ಸೋಲು ಖಂಡಿತ. ಆದರೆ ಬೆರಳಿನಿಂದ ಮೀಟುವ ಅದರ ನಾದ ಮೆಲುವಾದದ್ದು, ಹುಟ್ಟಿದೊಡನೆ ಆರತೊಡಗುತ್ತದೆ. ಓದುವವನ ದನಿಯನ್ನು ಅದು ಮುಚ್ಚಲಾರದು. ಗಮಕಿ ತನಗೆ ತಾನೇ ಹಾಕಿಕೊಂಡ ಸಂಯಮ ಈ ವಾದ್ಯಕ್ಕೆ ಹುಟ್ಟಿನಿಂದಲೇ ಇದೆ. ಹಿರಿಯರ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೇ: ಹದಿನೈದು ವಾದ್ಯಗಳ ಮೇಳಕ್ಕಿಂತ ಈ ಒಂಟಿ ಗಿಟಾರ್ ನಮ್ಮ ಜಗಲಿಗೆ ಹೆಚ್ಚು ಹೊಂದುತ್ತದೆ.

ಹುಡುಗನಿಗೆ ಹೇಳಿ ಕಳುಹಿಸಿದ್ದೇನೆ. ಮೊದಲು ಕುಮಾರವ್ಯಾಸನ ಕೆಲವು ಷಟ್ಪದಿಗಳು ಬರಿಯ ಶ್ರುತಿಯಲ್ಲಿ ನಡೆಯಲಿ. ಆಮೇಲೆ ಕಿಕ್ಕೇರಿಯ ಕವಿ, ಒಂದು ಚರಣವನ್ನೂ ಬಿಡದೆ. ಗಿಟಾರ್ ಕವಿತೆಗಳ ನಡುವೆ ನುಡಿಯಲಿ. ಓದುವಾಗ ಬೇಕಾದರೆ ಒಂದೆರಡು ತಂತಿ ಮಾತ್ರ. ಧ್ವನಿವರ್ಧಕ ಬೇಡ, ಐವತ್ತು ಜನಕ್ಕೆ ಅದರ ಅಗತ್ಯವಿಲ್ಲ. ವ್ಯಾಖ್ಯಾನಕ್ಕೆ ನಾನು ಕೂರುತ್ತೇನೆ. ಶನಿವಾರವಾದರೆ ಅನುಕೂಲ, ಬೆಂಗಳೂರಿನಿಂದ ಬರುವವರು ಭಾನುವಾರ ಮಧ್ಯಾಹ್ನದ ಊಟ ಮುಗಿಸಿಕೊಂಡೇ ಹೊರಡಬಹುದು.