ಹಾಡಿಲ್ಲ, ಮೊಬೈಲ್ ಇಲ್ಲ: ಆದರೂ ಉಸಿರು ಬಿಗಿಹಿಡಿಸುವ ಹಳೆಯ ಕನ್ನಡ ಥ್ರಿಲ್ಲರ್‌ಗಳು

ಕೊಲೆಗಾರ ಯಾರೆಂದು ಗೊತ್ತಿದ್ದರೂ ಕೆಲವು ಸಿನಿಮಾಗಳನ್ನು ಪ್ರೇಕ್ಷಕರು ಮತ್ತೆ ಮತ್ತೆ ನೋಡುತ್ತಾರೆ. ದಶಕಗಳ ಹಿಂದೆ ಬಂದ ಕನ್ನಡದ ಕ್ರೈಂ ಥ್ರಿಲ್ಲರ್‌ಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಏನಿದೆ ಇವುಗಳಲ್ಲಿ?

ಬಾಂಡ್ ಶೈಲಿಯ ಆರಂಭ

ದೊರೈ-ಭಗವಾನ್ ನಿರ್ದೇಶನದ 'ಜೇಡರ ಬಲೆ' (1968) ಕನ್ನಡಕ್ಕೆ ಜೇಮ್ಸ್ ಬಾಂಡ್ ಮಾದರಿಯನ್ನು ತಂದಿತು. ಸಿ.ಐ.ಡಿ. 999 ಆಗಿ ಡಾ. ರಾಜ್‌ಕುಮಾರ್ ಗೆದ್ದರು. ಈ ಸರಣಿಯಲ್ಲಿ ಒಟ್ಟು ನಾಲ್ಕು ಚಿತ್ರಗಳು ಬಂದವು. ಕೊನೆಯದು 'ಆಪರೇಷನ್ ಡೈಮಂಡ್ ರಾಕೆಟ್' (1978). ಅದೇ ವರ್ಷ ಬಂದ ಕಾಶೀನಾಥ್ ಅವರ 'ಅಪರಿಚಿತ' ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಗೂಢಚಾರನ ಸಾಹಸಕ್ಕಿಂತ ಅನುಮಾನವೇ ಕಥೆಯನ್ನು ನಡೆಸುತ್ತದೆ. ಕಾಶೀನಾಥ್ ಇದನ್ನೇ ಹಿಂದಿಯಲ್ಲಿ 'ಬೇಷಕ್' (1981) ಆಗಿ ತೆಗೆದರು.

ಹಾಡು ಬಿಟ್ಟ ಧೈರ್ಯ

ಹಾಡಿನ ಕ್ಯಾಸೆಟ್‌ಗಳೇ ಚಿತ್ರಕ್ಕೆ ಪ್ರಚಾರ ಮತ್ತು ಆದಾಯ ತರುತ್ತಿದ್ದ ಕಾಲದಲ್ಲಿ ಹಾಡಿಲ್ಲದ ಚಿತ್ರ ಮಾಡುವುದು ದೊಡ್ಡ ಜೂಜು. ಶಂಕರ್‌ನಾಗ್ 'ಆಕ್ಸಿಡೆಂಟ್' (1985) ಚಿತ್ರದಲ್ಲಿ ಆ ಜೂಜಾಡಿದರು. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿದ ಪ್ರಕರಣವನ್ನು ಅಧಿಕಾರಬಲ ಹೇಗೆ ಮುಚ್ಚುತ್ತದೆ ಎಂಬ ಕಥೆಗೆ ರಾಷ್ಟ್ರ ಪ್ರಶಸ್ತಿ ಬಂತು.

ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ' (1989) ಕೂಡ ಹಾಡಿಲ್ಲದ ಚಿತ್ರ. ಅಗಾಥಾ ಕ್ರಿಸ್ಟಿ ನಾಟಕದ ಎಳೆ, ಬೆರಳೆಣಿಕೆಯ ಪಾತ್ರಗಳು, ಗುಣಸಿಂಗ್ ಹಿನ್ನೆಲೆ ಸಂಗೀತ, ಇಷ್ಟೇ ಬಂಡವಾಳ. ತಮಿಳಿನಲ್ಲಿ ಇದು 'ಪುರಿಯಾದ ಪುದಿರ್' (1990) ಆಯಿತು. 'ನಿಷ್ಕರ್ಷ'ದಲ್ಲಿ (1993) ಬ್ಯಾಂಕ್ ದರೋಡೆಕೋರರು ಮಣಿಪಾಲದ ಬಹುಮಹಡಿ ಕಟ್ಟಡದಲ್ಲಿ ಜನರನ್ನು ಒತ್ತೆ ಇಡುತ್ತಾರೆ. ವಿಷ್ಣುವರ್ಧನ್ ಕಮಾಂಡೊ ಆಗಿ ನಟಿಸಿದ್ದ ಈ ಚಿತ್ರ 2019ರಲ್ಲಿ ಮತ್ತೆ ತೆರೆಗೆ ಬಂತು.

ಮತ್ತೆ ನೋಡಿಸುವ ಗುಟ್ಟು

ಮೇಜಿನ ಕೆಳಗಿನ ಬಾಂಬ್ ದಿಢೀರನೆ ಸಿಡಿದರೆ ಕ್ಷಣದ ಬೆಚ್ಚು ಮಾತ್ರ. ಬಾಂಬ್ ಇದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ಪ್ರತಿ ನಿಮಿಷವೂ ಆತಂಕ ಎನ್ನುತ್ತಿದ್ದರು ಆಲ್ಫ್ರೆಡ್ ಹಿಚ್‌ಕಾಕ್. ಹಳೆಯ ಥ್ರಿಲ್ಲರ್‌ಗಳು ನಿಂತಿರುವುದು ಈ ಲೆಕ್ಕದ ಮೇಲೆಯೇ. ಮೊಬೈಲ್, ಸಿಸಿಟಿವಿ ಇಲ್ಲದ ಆ ಕಾಲದಲ್ಲಿ ಟೆಲಿಫೋನ್ ತಂತಿ ಕತ್ತರಿಸಿದರೆ ಸಾಕು, ಪಾತ್ರ ಒಂಟಿಯಾಗುತ್ತಿತ್ತು. ಸುಳಿವು ಹುಡುಕಲು ಕಣ್ಣು, ಕಿವಿ, ತರ್ಕವೇ ಗತಿ.

ಮೊದಲ ಸಲ ನೋಡುವಾಗ 'ಯಾರು' ಎಂಬ ಕುತೂಹಲ ಕಾಡುತ್ತದೆ. ಎರಡನೇ ಸಲ, ಕಣ್ಣೆದುರೇ ಇದ್ದ ಸುಳಿವು ಹೇಗೆ ತಪ್ಪಿಹೋಯಿತು ಎಂಬ ಅಚ್ಚರಿ ಹಿಡಿದು ಕೂರಿಸುತ್ತದೆ.