ಅಡಿಗೆಮನೆಯಿಂದ ಹೊರಟ ರೈಲು

ಆಟಿಕೆಯ ರೈಲು ಗಂಡುಮಕ್ಕಳದು, ಅಡಿಗೆಯಾಟದ ಸಾಮಾನು ಹೆಣ್ಣುಮಕ್ಕಳದು ಎಂಬ ಪಾಲುಪಟ್ಟಿ ನಮ್ಮ ಮನೆಗಳಲ್ಲಿ ಯಾರೂ ಬರೆದಿಡದೆಯೇ ನಡೆದುಬಂದಿದೆ. ಜಾತ್ರೆಗೆ ಹೋದರೆ ಅಣ್ಣನ ಕೈಗೆ ತಗಡಿನ ರೈಲು, ತಂಗಿಯ ಕೈಗೆ ಪುಟ್ಟ ಒಲೆ, ಪಾತ್ರೆ, ಒರಳು. ಬೇರೆ ದೇಶಗಳಲ್ಲೂ ಇದೇ ಪದ್ಧತಿ. ಆದರೆ ಹಳಿ, ಇಂಜಿನ್ನು, ಗಾಡಿ, ನಿಲ್ದಾಣ ಎಲ್ಲವನ್ನೂ ಜೋಡಿಸಿ ಆಡುವ ಮಾದರಿ ರೈಲು ಇಂದಿನ ರೂಪಕ್ಕೆ ಬಂದದ್ದು ಗೊಂಬೆಮನೆಯ ಅಡಿಗೆ ಪಾತ್ರೆ ಮಾಡುತ್ತಿದ್ದ ಒಂದು ಅಂಗಡಿಯಲ್ಲಿ. ಆ ಅಂಗಡಿ ಮುಚ್ಚದಂತೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಪಾಡಿದವಳು ಒಬ್ಬ ಹೆಂಗಸು. ಇದನ್ನು ರೈಲಿನ ಹುಚ್ಚು ಹಿಡಿದ ಗಂಡಸರಿಗೆ ಹೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಹುಬ್ಬೇರಿಸುತ್ತಾರೆ.

ದಕ್ಷಿಣ ಜರ್ಮನಿಯಲ್ಲಿ ಗ್ಯೋಪಿಂಗೆನ್ ಎಂಬ ಊರಿದೆ. 1859ರಲ್ಲಿ ಜರ್ಮನಿ ಎಂಬ ಒಂದೇ ದೇಶ ಇನ್ನೂ ಆಗಿರಲಿಲ್ಲ. ಊರು ವುರ್ಟೆಂಬರ್ಗ್ ರಾಜ್ಯಕ್ಕೆ ಸೇರಿತ್ತು. ನಿಜವಾದ ರೈಲು ಆ ಊರಿಗೆ ಬಂದು ಹತ್ತು ವರ್ಷ ದಾಟಿತ್ತು. ಅಲ್ಲಿ ಥಿಯೋಡೋರ್ ಫ್ರೀಡ್ರಿಕ್ ವಿಲ್‌ಹೆಲ್ಮ್ ಮೆರ್ಕ್ಲಿನ್ ಎಂಬ ತಗಡಿನ ಕೆಲಸಗಾರ ಗೊಂಬೆಮನೆಗೆ ಬೇಕಾದ ಸಾಮಾನು ಮಾಡತೊಡಗಿದ. ಆ ಕಾಲದ ಅನುಕೂಲಸ್ಥ ಜರ್ಮನ್ ಮನೆಗಳಲ್ಲಿ ಹೆಣ್ಣುಮಗುವಿಗೆ ಪುಟ್ಟ ಅಡಿಗೆಮನೆಯೊಂದನ್ನು ಕೊಡುವುದು ವಾಡಿಕೆ. ಒಲೆ, ಬಾಣಲೆ, ಸೌಟು, ತಟ್ಟೆಗಳ ಸಾಲು ಎಲ್ಲ ಅದರಲ್ಲಿ ಇರುತ್ತಿತ್ತು. ಆಟವೂ ಹೌದು, ಮುಂದಿನ ಸಂಸಾರದ ಪಾಠವೂ ಹೌದು.

ಗಂಡ ತಗಡು ಕತ್ತರಿಸಿ ಬೆಸೆದ. ಮಾರಿದವಳು ಹೆಂಡತಿ ಕರೋಲಿನ್. ಅವಳು ಮಾದರಿ ಸಾಮಾನುಗಳನ್ನು ಕಟ್ಟಿಕೊಂಡು ದಕ್ಷಿಣ ಜರ್ಮನಿಯ ಊರೂರಿಗೆ ಹೋದಳು, ಸ್ವಿಟ್ಜರ್ಲೆಂಡಿಗೂ ಹೋದಳು. ಅಂಗಡಿಯಿಂದ ಅಂಗಡಿಗೆ ಹೋಗಿ ಸರಕು ತೋರಿಸಿ ಆರ್ಡರ್ ತರುವ ಕೆಲಸ ಆಗ ಪೂರ್ತಿಯಾಗಿ ಗಂಡಸರದಾಗಿತ್ತು. ಒಂಟಿ ಹೆಂಗಸು ಹೋಟೆಲಿನಲ್ಲಿ ಕೋಣೆ ಕೇಳಿದರೆ ಅಂದಿನ ಜನ ಹೇಗೆ ನೋಡಿದ್ದಾರು ಎಂದು ನಾವು ಊಹಿಸಿಕೊಳ್ಳಬಹುದು. ಇವತ್ತಿಗೂ ನಮ್ಮ ಊರುಗಳಲ್ಲಿ ಅದು ಸಲೀಸಲ್ಲ, ಅಲ್ಲವೇ?

1866ರಲ್ಲಿ ಗಂಡ ತೀರಿಕೊಂಡ. ಮಕ್ಕಳು ಇನ್ನೂ ಚಿಕ್ಕವರು. ಕರೋಲಿನ್ ಅಂಗಡಿ ಮುಚ್ಚಲಿಲ್ಲ. ನಡುವೆ ಅವಳಿಗೆ ಮರುಮದುವೆಯೂ ಆಯಿತು. ವ್ಯವಹಾರವನ್ನು ಮಾತ್ರ ಅವಳು ಕೈಬಿಡಲಿಲ್ಲ. ದೊಡ್ಡ ಲಾಭವೇನೂ ಇರಲಿಲ್ಲ, ಆದರೂ ಒಲೆ ಆರಲಿಲ್ಲ. 1888ರಲ್ಲಿ ಬೆಳೆದ ಮಕ್ಕಳು ಯೂಜೆನ್ ಮತ್ತು ಕಾರ್ಲ್ ಕೈಜೋಡಿಸಿ ಸಂಸ್ಥೆಗೆ ಹೊಸ ಹೆಸರಿಟ್ಟರು: 'ಮೆರ್ಕ್ಲಿನ್ ಸೋದರರು'. ಇಪ್ಪತ್ತೆರಡು ವರ್ಷ ಉಳಿಸಿಕೊಟ್ಟ ತಾಯಿಯ ಗುರುತು ಆ ಹಲಗೆಯ ಮೇಲೆ ಬರಲಿಲ್ಲ. ಮಕ್ಕಳ ಮೇಲೆ ತಪ್ಪು ಹೊರಿಸಬೇಕೆಂದು ನಾನಿದನ್ನು ಹೇಳುತ್ತಿಲ್ಲ. ನಮ್ಮ ಪೇಟೆಬೀದಿಗಳಲ್ಲಿ 'ಅಂಡ್ ಸನ್ಸ್', 'ಅಂಡ್ ಬ್ರದರ್ಸ್' ಎಂಬ ಹಲಗೆಗಳು ಎಷ್ಟು ತೂಗುತ್ತಿವೆ ನೋಡಿ. ತಾಯಿಯ ಹೆಸರು ಹೊತ್ತದ್ದು ಎಲ್ಲಾದರೂ ಇದ್ದರೆ ಅದು ದೇವರ ಹೆಸರೂ ಆಗಿರುತ್ತದೆ.

ಇನ್ನು ರೈಲಿನ ವಿಷಯ. ಆಟಿಕೆ ರೈಲನ್ನು ಕಂಡುಹಿಡಿದವರು ಮೆರ್ಕ್ಲಿನ್ ಸೋದರರಲ್ಲ. ನೆಲದ ಮೇಲೆ ದಾರ ಕಟ್ಟಿ ಎಳೆಯುವ ರೈಲು, ಕೀಲಿ ಕೊಟ್ಟರೆ ಓಡುವ ರೈಲು, ಸ್ಪಿರಿಟ್ ದೀಪದಿಂದ ನೀರು ಕಾಯಿಸಿ ಹಬೆಯಲ್ಲೇ ಓಡುವ ಹಿತ್ತಾಳೆ ಇಂಜಿನ್ನು ಮೊದಲೇ ಇದ್ದವು. ಹಬೆಯ ಇಂಜಿನ್ನುಗಳು ಹೋದಲ್ಲೆಲ್ಲ ನೀರು ಸೋರಿಸುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ ಅವಕ್ಕೆ 'ತೊಟ್ಟಿಕ್ಕುವವು' ಎಂದೇ ಅಡ್ಡಹೆಸರು. ಕೆಳಗೆ ಉರಿಯುವ ದೀಪ, ಸುತ್ತ ಚೆಲ್ಲುವ ನೀರು, ನಡುವೆ ಮನೆಯ ಜಮಖಾನೆ! ಈ ಆಟವನ್ನು ಯಾವ ಗೃಹಿಣಿ ಮೆಚ್ಚಿಯಾಳು?

1891ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಸೋದರರು ತಂದಿಟ್ಟದ್ದು ಕೀಲಿಯ ರೈಲು ಮತ್ತು ಎಂಟರ ಅಂಕಿಯ ಆಕಾರದಲ್ಲಿ ಜೋಡಿಸಿದ ಹಳಿ. ಹೊಸತೆಂದರೆ ಇಂಜಿನ್ನಲ್ಲ, ಅದರ ಹಿಂದಿನ ಆಲೋಚನೆ. ಈ ವರ್ಷ ಒಂದು ಇಂಜಿನ್ನು, ಎರಡು ಗಾಡಿ, ಒಂದು ಸುತ್ತು ಹಳಿ ಕೊಳ್ಳಿ. ಮುಂದಿನ ಕ್ರಿಸ್ಮಸ್ಸಿಗೆ ಇನ್ನೆರಡು ಗಾಡಿ, ಒಂದು ಕವಲು ಹಳಿ. ಅದರ ಮುಂದಿನ ವರ್ಷ ಸೇತುವೆ, ಸಿಗ್ನಲ್ಲು, ನಿಲ್ದಾಣ. ಹೊಸದು ಹಳೆಯದಕ್ಕೆ ತಪ್ಪದೆ ಕೂಡಿಕೊಳ್ಳುತ್ತದೆ. ಇದು ಅವರಿಗೆ ಹೊಳೆದದ್ದು ಗೊಂಬೆಮನೆಯಿಂದ. ಹುಡುಗಿ ಒಮ್ಮೆ ಒಲೆ ಕೊಂಡಳೆಂದರೆ ಮರುವರ್ಷ ಬಾಣಲೆ ಬೇಕು, ಆಮೇಲೆ ತಟ್ಟೆ, ಆಮೇಲೆ ಕಪಾಟು ಎಂಬುದನ್ನು ಆ ಮನೆಯವರು ಮೂವತ್ತು ವರ್ಷದಿಂದ ಕಂಡಿದ್ದರು. ನಮ್ಮ ದಸರಾ ಗೊಂಬೆಯ ಪದ್ಧತಿಯನ್ನೇ ನೆನೆದುಕೊಳ್ಳಿ. ಪಟ್ಟದ ಗೊಂಬೆ ತಾಯಿಯ ಮನೆಯಿಂದ ಬಂದದ್ದು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಲೇಬೇಕು. ಮೆಟ್ಟಿಲು ಬೆಳೆಯುತ್ತ ಹೋಗಬೇಕು. ಹೆಂಗಸರಿಗೆ ತಿಳಿದಿದ್ದ ಈ ಲೆಕ್ಕ ಹಳಿಯ ಮೇಲೆ ಏರಿತು, ಅಷ್ಟೆ.

ಆದರೆ ಕೂಡಿಕೊಳ್ಳಬೇಕಾದರೆ ಅಳತೆ ಒಂದೇ ಇರಬೇಕು. ಬ್ರಾಡ್‌ಗೇಜ್ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿದು, ಗಂಟುಮೂಟೆ ಹೊತ್ತು, ಮೈಸೂರಿಗೆ ಮೀಟರ್‌ಗೇಜ್ ಗಾಡಿ ಹತ್ತಿದ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆರ್ಕ್ಲಿನ್ ತಮ್ಮ ಹಳಿಗಳಿಗೆ ಸಂಖ್ಯೆ ಕೊಟ್ಟರು. ಒಂದನೇ ನಂಬರಿನಲ್ಲಿ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಆಮೇಲೆ ಅದಕ್ಕಿಂತ ಚಿಕ್ಕದು ಬೇಕಾಯಿತು. ಒಂದಕ್ಕಿಂತ ಕೆಳಗೆ ಏನಿದೆ? ಸೊನ್ನೆ. ಸೊನ್ನೆ ನಂಬರಿನ ಹಳಿ 32 ಮಿಲಿಮೀಟರ್. ಅದಕ್ಕೂ ಚಿಕ್ಕದು ಬೇಕಾದಾಗ ಬಂದದ್ದು 'ಅರ್ಧ ಸೊನ್ನೆ', 16.5 ಮಿಲಿಮೀಟರ್! ಸೊನ್ನೆಯಲ್ಲಿ ಅರ್ಧವೆಂದರೆ ಎಷ್ಟು ಎಂದು ನಮ್ಮ ಗಣಿತದ ಮೇಷ್ಟರನ್ನು ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸಿಯಾರು. ಆದರೂ ಇಂದು ಪ್ರಪಂಚದಲ್ಲಿ ಅತಿ ಹೆಚ್ಚು ಓಡುವ ಮಾದರಿ ರೈಲು ಇದೇ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು.

ವಿದ್ಯುತ್ತು ಬಂದಾಗ ಆಟ ಸ್ವಲ್ಪ ಕಾಲ ಅಪಾಯದ ಆಟವೇ ಆಯಿತು. ಮನೆಯ ವಿದ್ಯುತ್ತನ್ನು ನಡುವೆ ಒಂದು ಬಲ್ಬು ಇಟ್ಟು ಹಳಿಗೇ ಹರಿಸುತ್ತಿದ್ದ ಕಾಲವೂ ಇತ್ತು. ಮಕ್ಕಳ ಕೈ ಆ ಹಳಿಯ ಮೇಲೆ! 1926ರಲ್ಲಿ ಮೆರ್ಕ್ಲಿನ್ 20 ವೋಲ್ಟಿನ ಪದ್ಧತಿಗೆ ಬಂದ ಮೇಲೆ ತಾಯಂದಿರು ಉಸಿರಾಡುವಂತಾಯಿತು. ನಮ್ಮ ದೇಶದಲ್ಲೂ ಒಂದು ವಿದ್ಯುತ್ ರೈಲು ಹೆಸರಾಗಿದೆ. ಗ್ವಾಲಿಯರಿನ ಜಯವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಸುತ್ತುವ ಬೆಳ್ಳಿಯ ರೈಲದು. ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಸಂಸ್ಥೆ ಮಾಡಿಕೊಟ್ಟದ್ದು. ಅತಿಥಿಗಳಿಗೆ ಪಾನೀಯವನ್ನೂ ಒಣಹಣ್ಣನ್ನೂ ಹೊತ್ತು ತರುವುದು ಅದರ ಕೆಲಸ. ಬಡಿಸುವ ಕೆಲಸ ಮಾಡಿದ್ದಕ್ಕೆ ಲೋಕಪ್ರಸಿದ್ಧಿ ಬಂದದ್ದು ಬಹುಶಃ ಅದೊಂದಕ್ಕೇ.

1935ರಲ್ಲಿ ಮೆರ್ಕ್ಲಿನ್ ಮೇಜಿನ ಮೇಲೆ ಓಡುವ ಚಿಕ್ಕ ರೈಲನ್ನು ತಂದರು. ನ್ಯೂರೆಂಬರ್ಗಿನ ಟ್ರಿಕ್ಸ್ ಸಂಸ್ಥೆಯೂ ಅದೇ ವರ್ಷ ತಂದಿತು. ಅಲ್ಲಿಯವರೆಗೆ ಹಳಿ ಹಾಸಲು ಹಜಾರವೇ ಬೇಕಾಗಿತ್ತು. ಈಗ ಊಟದ ಮೇಜು ಸಾಕು. ಊಟ ಎಲ್ಲಿ ಮಾಡುತ್ತಿದ್ದರೋ ಗೊತ್ತಿಲ್ಲ.

ಚಿಕ್ಕದಾದಂತೆ ಕಷ್ಟ ಹೆಚ್ಚಿತು, ಮತ್ತು ರೈಲನ್ನು ಓಡಿಸುವವರು ಅದನ್ನು ತಿದ್ದುವವರೂ ಆದದ್ದು ಇಲ್ಲಿಂದ. ನಿಜವಾದ ರೈಲಿನ ತಿರುವನ್ನೇ ತೆಗೆದುಕೊಳ್ಳಿ. ಮುನ್ನೂರು ಮೀಟರ್ ತ್ರಿಜ್ಯದ ತಿರುವು ಎಂಬತ್ತೇಳನೇ ಒಂದು ಪಾಲಿಗೆ ಇಳಿದರೂ ಸುಮಾರು ಮೂರೂವರೆ ಮೀಟರ್ ಆಗುತ್ತದೆ. ಒಂದು ಪೂರ್ತಿ ಸುತ್ತಿಗೆ ಏಳು ಮೀಟರ್ ಅಗಲದ ಕೋಣೆ ಬೇಕು. ಆದ್ದರಿಂದ ಪೆಟ್ಟಿಗೆಯಲ್ಲಿ ಬರುವ ಹಳಿಯ ತಿರುವು 36 ಸೆಂಟಿಮೀಟರಿಗೆ ಮುದುಡಿತು. ಅಷ್ಟು ಬಿಗಿ ತಿರುವಿನಲ್ಲಿ ಉದ್ದನೆಯ ಇಂಜಿನ್ನು ಹೇಗೆ ಹೊರಳಬೇಕು? ನಡುವಣ ಚಕ್ರಗಳಿಗೆ ಆಚೀಚೆ ಸರಿಯಲು ಸ್ವಲ್ಪ ಎಡೆ ಬಿಟ್ಟರು. ಕೆಲವಕ್ಕೆ ಅಂಚನ್ನೇ ತೆಗೆದರು. ವಿದ್ಯುತ್ತು ತರುವ ಮೂರನೆಯ ಹಳಿ ನಡುವೆ ಮಲಗಿ ಅಂದ ಕೆಡಿಸುತ್ತಿತ್ತು. 1953ರಲ್ಲಿ ಅದರ ಬದಲು ಅಡ್ಡಪಟ್ಟಿಗಳಲ್ಲಿ ಗುಂಡುಸೂಜಿಯ ತಲೆಯಂತಹ ಬೊಟ್ಟುಗಳನ್ನಿಟ್ಟು ಮರೆಮಾಡಿದರು. 1980ರ ದಶಕದ ನಡುವಿನಲ್ಲಿ ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಎಲೆಕ್ಟ್ರಾನಿಕ್ ಚಿಪ್ಪು ಕುಳಿತು, ಒಂದೇ ಹಳಿಯ ಮೇಲೆ ಹಲವು ರೈಲುಗಳು ಬೇರೆಬೇರೆ ಅಪ್ಪಣೆ ಕೇಳುವಂತಾದವು.

ಗಾಡಿಗಳದು ಬೇರೆಯೇ ಗೋಳು. ಹಗುರವಾದ ಗಾಡಿ ಮುಂದಿನದರ ಎಳೆತಕ್ಕೂ ಹಿಂದಿನದರ ಭಾರಕ್ಕೂ ಸಿಕ್ಕಿ ತಿರುವಿನಲ್ಲಿ ಒಳಗಡೆಗೆ ಉರುಳುತ್ತದೆ. ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡನ ಹಾಗೆ ಎನ್ನೋಣವೇ? 1935ರಲ್ಲಿ ಸ್ಥಾಪನೆಯಾದ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಇದಕ್ಕೆ ಒಂದು ಸೂತ್ರ ಮಾಡಿತು. ಅರ್ಧ ಸೊನ್ನೆ ಗಾಡಿಗೆ ಮೂಲತೂಕ ಒಂದು ಔನ್ಸು, ಉದ್ದದ ಪ್ರತಿ ಇಂಚಿಗೂ ಮತ್ತೆ ಅರ್ಧ ಔನ್ಸು. ಆರಿಂಚಿನ ಗಾಡಿಗೆ ನಾಲ್ಕು ಔನ್ಸು, ಅಂದರೆ ಸುಮಾರು 113 ಗ್ರಾಂ. ಕಡಿಮೆ ಬಿದ್ದರೆ ಒಳಗೆ ಸೀಸದ ತುಂಡು ಅಂಟಿಸುತ್ತಾರೆ. ಅಡಿಗೆಗೆ ಉಪ್ಪಿನ ಅಳತೆ ಕೇಳಿದರೆ ತಬ್ಬಿಬ್ಬಾಗುವ ಗಂಡಸರು ಈ ಲೆಕ್ಕವನ್ನು ನಿದ್ದೆಯಲ್ಲೂ ಹೇಳುತ್ತಾರೆ. ರೈಲು ತಟ್ಟನೆ ನಿಂತರೆ ಹೆಚ್ಚಿನ ಸಲ ಕಾರಣ ಹಳಿಯ ಮೇಲಿನ ಧೂಳು, ಎಣ್ಣೆಯ ಜಿಡ್ಡು. ಬಟ್ಟೆಗೆ ಸ್ಪಿರಿಟ್ ತಾಗಿಸಿ ಒರೆಸಿದರೆ ಸರಿಹೋಗುತ್ತದೆ.

ಆಟ ಹೀಗೆ ಬೆಳೆದ ಹಾಗೆಲ್ಲ ಅದರ ಪೆಟ್ಟಿಗೆಯ ಮೇಲಿನ ಚಿತ್ರ ಒಂದೇ ಆಯಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ 1920ರಲ್ಲಿ ರೈಲು ಮಾಡತೊಡಗಿದ. ಅವನ ಮೆಕಾನೊ ಜೋಡಣೆಯ ಆಟವನ್ನು ಹುಡುಗರ ಇಂಜಿನಿಯರಿಂಗ್ ಎಂದೇ ಸಾರಿದರು. ಆದರೆ ಲಿವರ್‌ಪೂಲಿನ ಬಿನ್ಸ್ ರಸ್ತೆಯ ಆ ಕಾರ್ಖಾನೆಯ ಹಳೆಯ ಚಿತ್ರಗಳನ್ನು ನೋಡಿದರೆ ಮೇಜಿನ ಮುಂದೆ ಸಾಲುಸಾಲಾಗಿ ಕುಳಿತು ಜೋಡಿಸುತ್ತಿರುವವರು ಹೆಂಗಸರು. 1979ರಲ್ಲಿ ಕಾರ್ಖಾನೆ ಮುಚ್ಚಿದಾಗ ಒಳಗೇ ಕುಳಿತು ಪ್ರತಿಭಟಿಸಿದ ಕೆಲಸಗಾರರಲ್ಲಿ ಅವರೂ ಇದ್ದರು. ಮಾಡುವ ಕೈ ಯಾರದು, ಆಡುವ ಕೈ ಯಾರದು ಎಂಬುದನ್ನು ಯಾವ ಜಾಹೀರಾತೂ ಒಟ್ಟಿಗೆ ಹೇಳಲಿಲ್ಲ.

ಹುಡುಗಿಯರ ನೆನಪು ಒಮ್ಮೆ ಬಂತು, ಅಮೆರಿಕದ ಲಯೋನೆಲ್ ಕಂಪನಿಗೆ. 1957ರಲ್ಲಿ ಅವರು ಹುಡುಗಿಯರಿಗೆಂದೇ ಒಂದು ರೈಲು ತಂದರು. ಇಂಜಿನ್ನು ಗುಲಾಬಿ, ಗಾಡಿಗಳು ತಿಳಿನೀಲಿ, ತಿಳಿನೇರಳೆ, ಬೆಣ್ಣೆಹಳದಿ. ಹಬೆಯ ಇಂಜಿನ್ನಿಗೆ ಗುಲಾಬಿ ಬಣ್ಣ! ಅದು ಅಂಗಡಿಯ ಕಪಾಟಿನಲ್ಲೇ ಕೂತಿತು. ರೈಲು ಬೇಕೆಂದ ಹುಡುಗಿಗೆ ಬೇಕಾದದ್ದು ರೈಲು, ಅಣ್ಣನ ಹತ್ತಿರ ಇರುವಂಥದೇ ಕಪ್ಪು ರೈಲು. ಯಾವ ಹುಡುಗಿಯನ್ನೂ ಕರೆದು ಕೇಳಿದಂತೆ ಕಾಣುವುದಿಲ್ಲ. ಮಾರಾಟವಾಗದ ಇಂಜಿನ್ನುಗಳಿಗೆ ಕೆಲವು ಅಂಗಡಿಯವರು ಕಪ್ಪು ಬಣ್ಣ ಬಳಿದು ಸಾಗಹಾಕಿದರೆಂಬ ಕತೆಯೂ ಉಂಟು. ಉಳಿದ ಗುಲಾಬಿ ರೈಲುಗಳಿಗೆ ಈಗ ಸಂಗ್ರಹಕಾರರು ಭಾರಿ ಬೆಲೆ ಕೊಡುತ್ತಾರೆ. ಆ ಸಂಗ್ರಹಕಾರರಲ್ಲಿ ಬಹುಪಾಲು ಗಂಡಸರು!

ಮೆರ್ಕ್ಲಿನ್ ಸಂಸ್ಥೆಗೂ ಒಂದು ಕಾಲ ಬಂತು. ಗಣಕದ ಆಟಗಳ ಮುಂದೆ ಹಳಿ ಜೋಡಿಸುವ ಮಕ್ಕಳು ಕಡಿಮೆಯಾದರು. ಕೊಳ್ಳುವವರು ಬಾಲ್ಯ ನೆನೆಯುವ ಹಿರಿಯರೇ ಆದರು. 2009ರಲ್ಲಿ, ಸರಿಯಾಗಿ ನೂರೈವತ್ತನೆಯ ವರ್ಷದಲ್ಲಿ, ಸಂಸ್ಥೆ ದಿವಾಳಿಯ ಅರ್ಜಿ ಹಾಕಿತು. ಗ್ಯೋಪಿಂಗೆನ್ನಿನ ಕೆಲಸ ಹೇಗೋ ನಡೆದುಕೊಂಡು ಹೋಯಿತು. 2013ರಲ್ಲಿ ಅದನ್ನು ಕೊಂಡವರು ಸಿಂಬಾ ಡಿಕಿ ಎಂಬ ಆಟಿಕೆ ಕಂಪನಿಗಳ ಗುಂಪನ್ನು ನಡೆಸುವ ಜೀಬರ್ ಕುಟುಂಬದವರು. ಅವರ ಹೆಸರಾಂತ ಸರಕುಗಳಲ್ಲಿ ಒಂದು ಸ್ಟೆಫಿ ಎಂಬ ಗೊಂಬೆ.