‘ಮಾರಿಕಾಂಬಾ’ ಎಂಬ ಹೆಸರಿನ ವಿಚಾರ

ಶಿರಸಿಯ ಮಾರಿಕಾಂಬೆ ಸಿದ್ದಾಪುರ, ಯಲ್ಲಾಪುರ ಸೀಮೆಗಳ ಜನರಿಗೂ ಆರಾಧ್ಯದೇವತೆ. ಅವಳ ದೇವಾಲಯವು 1688ರಲ್ಲಿ ನಿರ್ಮಿತವಾಯಿತೆಂದು ಹೇಳುತ್ತಾರೆ. ಆ ಹೆಸರಿನ ಮೂಲವನ್ನು ಇಲ್ಲಿ ಪರಿಶೀಲಿಸುತ್ತೇವೆ.

ತಮಿಳಿನಲ್ಲಿ ‘ಮಾರಿ’ ಎಂದರೆ ಮಳೆ. ಆದುದರಿಂದ ಮಾರಿಯಮ್ಮನ್ ಮಳೆಯ ತಾಯಿಯೆಂದು ಕೆಲವರ ಮತ. ಸಂಸ್ಕೃತದ ‘ಮಾರೀ’ ಶಬ್ದವಾದರೋ ‘ಸಾಯು’ ಎಂಬರ್ಥದ ‘ಮೃ’ ಧಾತುವಿನಿಂದ ಬಂದು ಸಾಂಕ್ರಾಮಿಕ ರೋಗವನ್ನು ಹೇಳುತ್ತದೆ. ಮರಾಠಿಯ ‘ಮರೀಆಯಿ’ ವಾಂತಿಭೇದಿಯ ದೇವತೆ. ಕನ್ನಡದಲ್ಲಿ ಮಳೆಗೆ ಬೇರೆ ಮಾತೇ ರೂಢಿಯಲ್ಲಿದೆ. ‘ಹೆಮ್ಮಾರಿ’ ಎಂಬ ಪ್ರಯೋಗದಲ್ಲಿಯೂ ರೋಗ, ವಿಪತ್ತುಗಳ ಅರ್ಥವೇ ನಿಂತಿದೆ. ಆದಕಾರಣ ಶಿರಸಿಯ ಹೆಸರಿಗೆ ಎರಡನೆಯ ಅರ್ಥವೇ ಹೆಚ್ಚು ಸಂಗತವೆಂದು ನಮ್ಮ ಅಭಿಪ್ರಾಯ.

ಆದರೆ ಮೃತ್ಯುವಾಚಕವಾದ ಶಬ್ದದಿಂದ ಭಕ್ತರು ದೇವತೆಯನ್ನು ಕರೆಯುವುದೇಕೆ? ಅಮ್ಮನ್, ಆಯಿ, ಅಂಬಾ: ಪೂರ್ವಪದದ ಅರ್ಥದಲ್ಲಿ ಭೇದವಿದ್ದರೂ ಮೂರು ಹೆಸರುಗಳಲ್ಲಿಯೂ ಉತ್ತರಪದದ ಅರ್ಥ ತಾಯಿಯೆಂದೇ. ರೋಗವನ್ನು ತರುವವಳೇ ಅದರಿಂದ ಕಾಯುವವಳೆಂಬ ನಂಬಿಕೆ ಈ ಸಮಾಸದಲ್ಲಿ ಅಡಗಿದೆ. ಮಾರಿಯ ಕೋಪವೆಂದು ಜನ ಅಂಜಿದ್ದ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಿತವಾಯಿತು. ಎರಡು ವರ್ಷಗಳಿಗೊಮ್ಮೆ ಶಿರಸಿಯ ಜಾತ್ರೆ ಮಾತ್ರ ನಿಂತಿಲ್ಲ. ಸುತ್ತಣ ಜನ ಅವಳನ್ನು ‘ದೊಡ್ಡಮ್ಮ’ ಎನ್ನುವಲ್ಲಿ ಭಯದ ಶಬ್ದವು ಬಿಟ್ಟುಹೋಗಿ ತಾಯ್ತನವೊಂದೇ ಉಳಿದಿದೆ.